ಕೊಸರು

ಬ್ರನೋ ಊರಿನಲ್ಲಿ ಕೊನೆಯ ಟ್ರಾಮ್ ಡಿಪೋ ಸೇರಿದ ಮೇಲೆ
ದ್ರಾಹೋಮೀರಾ ಕನ್ನಡಕ ಒರೆಸಿಕೊಂಡು ಕೂರುತ್ತಾಳೆ
ನಿದ್ದೆಯ ಲೆಕ್ಕ ನೋಡಲು,
ತನ್ನದಲ್ಲ, ಯಂತ್ರದ್ದು.

ಟಾರ್ಟುವಿನ ಹುಡುಗ ಊಕು ಕಳಿಸಿದ್ದಾನೆ
ಏಳು ಸಾಲು ಕೆಂಪು, ಐದು ಸಾಲು ಹಸಿರು.
ಕೆಂಪು ಹೋಗಬೇಕಾದದ್ದು, ಹಸಿರು ಬರಬೇಕಾದದ್ದು.
ಜೊತೆಗೊಂದು ಅಚ್ಚುಕಟ್ಟಾದ ನಕ್ಷೆ:
ಹತ್ತು ಮಿಲಿಸೆಕೆಂಡ್ ಮಲಗು ಅಂದರೆ
ಇದು ಇಪ್ಪತ್ತು ಮಲಗುತ್ತದೆ, ಸೋಮಾರಿ.
ಕಾರಣ ಇಲ್ಲಿರುವ 'ಕೂಡಿಸು ಒಂದು'.
ಯಾರು ಯಾಕೆ ಹಾಕಿದರೋ ತಿಳಿಯದು. ತೆಗೆದಿದ್ದೇನೆ.

ಅವಳು ನಗುವುದಿಲ್ಲ.
ರೇಡಿಯೇಟರಿನ ಮೇಲೆ ಒಣಗಲಿಟ್ಟ ಕಾಲುಚೀಲ
ಮಗ್ಗುಲು ಬದಲಿಸಿ ಬರುತ್ತಾಳೆ.

ಕರ್ನಲ್ಲಿನ ಎದೆಬಡಿತ ಸೆಕೆಂಡಿಗೆ ನೂರು.
ಬಡಿತಕ್ಕೊಂದು ಗೆರೆ, ಗೋಡೆಯ ಮೇಲಿನ ಹಾಲಿನ ಲೆಕ್ಕದ ಹಾಗೆ.
ಮಲಗುವವನು ಗೆರೆ ನೋಡಿ ಮಲಗುವುದಿಲ್ಲ,
ಎರಡು ಗೆರೆಯ ನಡುವೆ ಎಲ್ಲೋ ಕಣ್ಣು ಮುಚ್ಚುತ್ತಾನೆ.
ಆಗಲೇ ಮುಕ್ಕಾಲು ಸವೆದ ಬಡಿತವನ್ನು
ಇಡಿಯೆಂದು ಎಣಿಸಿಬಿಟ್ಟರೆ
ಹತ್ತು ಕೇಳಿದವನಿಗೆ ದಕ್ಕುವುದು ಎರಡೂವರೆ.
ಅದಕ್ಕೇ ಆ ಒಂದು.

ನಮ್ಮ ಸಂತೆಯಲ್ಲಿ ಅದಕ್ಕೊಂದು ಮಾತಿದೆ: ಕೊಸರು.
ಸೇರು ತುಂಬ ಅಳೆದಾದ ಮೇಲೆ
ಚೀಲಕ್ಕೆ ಬೀಳುವ ಒಂದು ಹಿಡಿ ಕಾಳು,
ಅಳೆಯುವಾಗ ಚೆಲ್ಲಿದ್ದಕ್ಕೆ, ಕೈ ನಡುಗಿದ್ದಕ್ಕೆ,
ನಾಳೆಯೂ ಮುಖ ನೋಡಬೇಕಾದ್ದಕ್ಕೆ.
ಚೆಕ್ ಭಾಷೆಯಲ್ಲಿ ಏನನ್ನುತ್ತಾರೋ, ನನಗೆ ಗೊತ್ತಿಲ್ಲ.
ಅವಳು ಬರೆದದ್ದಿಷ್ಟು:
"ಹೆಚ್ಚು ಮಲಗಿಸಿದರೆ ಕ್ಷಮಿಸುತ್ತಾರೆ.
ಕಡಿಮೆ ಮಲಗಿಸಬಾರದು. ಇದು ಹಾಗೇ ಇರಲಿ."

ಒರಟಾಯಿತೆನಿಸಿ, ಕೆಳಗೆ ಇನ್ನಷ್ಟು ಬರೆದಳು:
ಓಸ್ತ್ರಾವಾದ ಮೊಸರಿನ ಕಾರ್ಖಾನೆ, ಮುಚ್ಚಳ ಒತ್ತುವ ಯಂತ್ರ,
ಕವಾಟ ತೆರೆಯುವ ಮೊದಲೇ ಎಚ್ಚೆತ್ತ ಒಂದು ಡ್ರೈವರ್
ಒತ್ತಡ ಸೊನ್ನೆ ಎಂದು ಓದಿ, ಒತ್ತಿ, ಮತ್ತೂ ಒತ್ತಿ,
ನೆಲದ ತುಂಬ ಸ್ಟ್ರಾಬೆರಿ ಮೊಸರು.
ಮೊಣಕಾಲುದ್ದ ಬೂಟು ಹಾಕಿ ನಿಂತಿದ್ದ ಮೇಸ್ತ್ರಿ
ಫೋನಿನಲ್ಲಿ ಬೈಯಲಿಲ್ಲ, ಒಂದೇ ಮಾತು ಕೇಳಿದ:
ಮೇಡಂ, ಇದಕ್ಕೆ ನಿದ್ದೆ ಸಾಲಲಿಲ್ಲವೇ?

ಆಮೇಲೆ ಮೂರನೆಯ ತುಂಡು.
ಅಲ್ಲಿ ಊಕು ಮುಟ್ಟಿರುವುದು ಒಂದೇ ಸಾಲು.
'ಈಗ' 'ಆಗ'ಕ್ಕಿಂತ ದೊಡ್ಡದೇ ಎಂದು ಕೇಳುವ ಬದಲು
ಎರಡನ್ನೂ ಕಳೆದು, ಉಳಿದದ್ದರ ಚಿಹ್ನೆ ನೋಡುತ್ತಾನೆ.
ಅವಳ ಬೆರಳು ಅಲ್ಲೇ ನಿಂತಿತು.
ಎಣಿಕೆಯ ಗಡಿಗೆ ತುಂಬಲು ನಾನೂರ ತೊಂಬತ್ತೇಳು ದಿನ,
ತುಂಬಿದ್ದೇ ಮಗುಚಿ, ಮತ್ತೆ ಸೊನ್ನೆ.
ಕಂಠದ ಹತ್ತಿರ ಏಳಬೇಕಿದ್ದವನು ಒಂದು ಬಡಿತ ತಪ್ಪಿದರೆ
ಅವನ 'ಆಗ' ಮತ್ತೆ ದೂರದ ಗುಡ್ಡ,
ಇನ್ನೂ ನಾನೂರ ತೊಂಬತ್ತೇಳು ದಿನ.

ಹಳೆಯ ಸಾಲು ಯಾರದೆಂದು ಕೇಳಿದಳು.
ಪರದೆಯಲ್ಲಿ ಮೂಡಿದ್ದು ಅವಳದೇ ಹೆಸರು.
ಹತ್ತೊಂಬತ್ತು ವರ್ಷದ ಹಿಂದೆ, ಫೆಬ್ರವರಿ, ಬೆಳಗಿನ ಜಾವ ಮೂರು ನಲವತ್ತು.
ಬೋಹುಂಕಾಗೆ ಆಗ ಏಳು ವಾರ.
ಎಡತೋಳಿನಲ್ಲಿ ಮಗು, ಬಲಗೈಯೊಂದರಲ್ಲೇ ಟೈಪು,
ತೂಕಡಿಸುತ್ತ ಬರೆದಿದ್ದಳು
ಯಂತ್ರಗಳು ಹೇಗೆ ಮಲಗಿ ಹೇಗೆ ಏಳಬೇಕೆಂದು.
ನೋಡಿದವರೆಲ್ಲ ಸೈ ಅಂದಿದ್ದರು.
ಎಲ್ಲಾದರೂ ಯಂತ್ರವೊಂದು ಏಳದೆ ಉಳಿದಿದ್ದರೆ
ಯಾರೋ ಸ್ವಿಚ್ಚು ಆರಿಸಿ, ಹಾಕಿ,
ಸಿಗರೇಟು ಸೇದಲು ಹೋಗಿರಬೇಕು. ದೂರು ಬರಲಿಲ್ಲ.

"ಮೂರನೆಯದು ತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು.
ಮೊದಲನೆಯದು ಬೇಡ.
ಬಿಡಿಸಿ ಬೇರೆಬೇರೆ ಕಳಿಸು. ಆತುರವಿಲ್ಲ, ಮಲಗು."
ಕೊನೆಯ ಪದ ಅಳಿಸಿದಳು. ಮತ್ತೆ ಬರೆದಳು. ಕಳಿಸಿದಳು.

ಒಳಕೋಣೆಯಲ್ಲಿ ಬೋಹುಂಕಾ,
ಬೇಕರಿಯಲ್ಲಿ ಈ ವಾರ ಬೆಳಗಿನ ಪಾಳಿ,
ನಾಲ್ಕಕ್ಕೆ ಎಬ್ಬಿಸು ಅಂದಿದ್ದಾಳೆ.
ನಾಲ್ಕಾಯಿತು.
ದ್ರಾಹೋಮೀರಾ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು
ಇನ್ನೊಂದು ಎಣಿಸುತ್ತಾಳೆ.